ಹನ್ನೊಂದನೆಯ ಕಲಮು

ವಿದ್ಯಾನಗರದ ಗುರುಶಾಂತ ಸಾರ್ವಜನಿಕ ವಾಚನಾಲಯದಲ್ಲಿ ಇಪ್ಪತ್ತೆರಡು ವರ್ಷ ಗ್ರಂಥಪಾಲಕರಾಗಿದ್ದ ಶಾಂತಯ್ಯನವರಿಗೆ ಒಂದು ಹೆಮ್ಮೆ ಇತ್ತು, ಒಂದು ನಾಚಿಕೆಯೂ ಇತ್ತು. ಹೆಮ್ಮೆ ಏನೆಂದರೆ, ರಿಜಿಸ್ಟರಿನಲ್ಲಿ ನಂಬರು ಬೀಳದೆ, ಇಪ್ಪತ್ತೊಂದನೆಯ ಪುಟದ ಮೇಲೆ ಮುದ್ರೆ ಬೀಳದೆ ಅವರ ಕೈಯಿಂದ ಒಂದು ಪುಸ್ತಕವೂ ಕಪಾಟು ಸೇರಿದ್ದಿಲ್ಲ. ನಾಚಿಕೆ ಇಂಗ್ಲಿಷಿನದು. ಪುಸ್ತಕದ ಬೆನ್ನಿನ ಮೇಲಿದ್ದ ಇಂಗ್ಲಿಷು ಅವರಿಗೆ ಬಾಯಿಪಾಠ. ಬೆನ್ನು ದಾಟಿ ಹೊಟ್ಟೆಯೊಳಗೆ ಇಳಿದರೆ ಕತ್ತಲೆ. ಇದನ್ನು ಅವರು ಹೆಂಡತಿ ಗೌರಕ್ಕನಿಗೂ ಹೇಳಿರಲಿಲ್ಲ.

೨೦೦೪ರ ಮಾರ್ಚಿನಲ್ಲಿ ಟೈ ಕಟ್ಟಿಕೊಂಡ ಪ್ರಸಾದ ಎಂಬಾತ ಒಂದು ಕಂಪನಿಯ ಕಡೆಯಿಂದ ಬಂದ. ವಾಚನಾಲಯಕ್ಕೆ ಬರುತ್ತಿದ್ದ ಇಂಗ್ಲಿಷ್ ಅರ್ಥಶಾಸ್ತ್ರದ ವಾರಪತ್ರಿಕೆಯ ಹತ್ತು ವರ್ಷದ ಸಂಚಿಕೆಗಳು ಇನ್ನು ಮುಂದೆ ಕಂಪ್ಯೂಟರಿನಲ್ಲೇ ಸಿಗುತ್ತವೆ, ಟ್ರಸ್ಟಿನವರು ಒಪ್ಪಿದ್ದಾರೆ, ಗ್ರಂಥಪಾಲಕರ ಸಹಿಯೊಂದು ಬೇಕು ಎಂದ. ಹದಿನಾರು ಪುಟದ ಕರಾರು ಮುಂದಿಟ್ಟ.

"ಓದಿ ಸಹಿ ಮಾಡ್ರಿ ಸರ್."

ಶಾಂತಯ್ಯನವರು ಚಸ್ಮಾ ಏರಿಸಿ, ಒಂದೊಂದು ಪುಟಕ್ಕೂ ಓದುವವರು ತೆಗೆದುಕೊಳ್ಳುವಷ್ಟೇ ಹೊತ್ತು ಕೊಟ್ಟು ಹಾಳೆ ತಿರುವಿದರು. ಎರಡು ಕಡೆ ತಲೆಯಾಡಿಸಿದರು. ಒಂದು ಕಡೆ "ಹೂಂ" ಎಂದೂ ಅಂದರು. ಆಮೇಲೆ ಸಹಿ ಹಾಕಿದರು. ಪ್ರಸಾದ ಪೇಢೆಯ ಡಬ್ಬಿ ತೆರೆದ. ಸಹಿಗೂ ಸಿಹಿಗೂ ನಡುವೆ ಒಂದು ಗುಡಿಸಿನಷ್ಟೇ ಅಂತರ. ಕಹಿ ಬರಲು ಒಂದು ವರ್ಷ ಬೇಕಾಯಿತು.

ಅವತ್ತೇ ರಿಜಿಸ್ಟರಿನಲ್ಲಿ '೩೧೪೦೮: ವಾರಪತ್ರಿಕೆ, ಹತ್ತು ವರ್ಷ, ಕಂಪ್ಯೂಟರಿನಲ್ಲಿ' ಎಂದು ಬರೆದರು. ಮುದ್ರೆ ಒತ್ತಲು ಪುಟವಿಲ್ಲದ್ದರಿಂದ ಪಾಸ್‌ವರ್ಡ್ ಬರೆದ ಚೀಟಿಯ ಮೇಲೇ ಒತ್ತಿದರು. ನಂಬರು ಬಿದ್ದ ಮೇಲೆ ವಸ್ತು ವಾಚನಾಲಯದ ಸ್ವಂತದ್ದು. ಅವರು ಬಲ್ಲ ಕಾನೂನು ಅದೊಂದೇ. ಒಂದೇ ಪತ್ರಿಕೆ ಎರಡೆರಡು ಯಾಕೆ ಎಂದು ಕೆಂಪು ರಟ್ಟಿನ ಇಪ್ಪತ್ತು ಸಂಪುಟಗಳನ್ನು ರದ್ದಿಗೆ ಹಾಕಿ, ಆ ಜಾಗದಲ್ಲಿ ಕಂಪ್ಯೂಟರಿನ ಮೇಜು ಇಡಿಸಿದರು.

ರದ್ದಿಯ ಶಿದ್ದಪ್ಪ ಕೈಗಾಡಿಗೆ ಹೇರುವಾಗ ಒಂದನ್ನು ತಟ್ಟಿ ನೋಡಿದ. "ಸಾಹೇಬ್ರ, ಇವು ಇನ್ನೂ ಗಟ್ಟಿ ಅದಾವಲ್ರಿ."

"ಎಲ್ಲಾ ಕಂಪ್ಯೂಟರಿನ್ಯಾಗ ಬಂದೈತಿ, ಒಯ್ಯೋ ಮಾರಾಯ."

ಆ ಸಂಪುಟಗಳಿಗೆ ಖಾಯಂ ಓದುಗಿ ಎಂದರೆ ಸುಮಲತಾ. ಲಕಮನಹಳ್ಳಿಯ ಪಂಪಿನ ಕಾರ್ಖಾನೆಯಲ್ಲಿ ಕಾರಕೂನಿಕೆ, ಅಂಚೆಯ ಮೂಲಕ ಎಂ.ಎ. ಲೆಕ್ಚರರ್ ಆಗುವ ಅರ್ಹತಾ ಪರೀಕ್ಷೆಯಲ್ಲಿ ಎರಡು ಸಲ ಸ್ವಲ್ಪದರಲ್ಲಿ ತಪ್ಪಿತ್ತು. ರವಿವಾರ ಬಂತೆಂದರೆ ಡಬ್ಬಿ ಕಟ್ಟಿಕೊಂಡು ಸಿಟಿ ಬಸ್ಸು ಹತ್ತಿ ಬರುವಳು. ಸಂಪುಟ ಕಾಣದೆ ಮೊದಲು ಗಾಬರಿಯಾದಳು. ಶಾಂತಯ್ಯನವರೇ ಪಕ್ಕದಲ್ಲಿ ಕುಳಿತು, "ಆ ಧೂಳ ಬಿಡವಾ ಇನ್ನ" ಎನ್ನುತ್ತ ಒತ್ತುವ ಗುಂಡಿ ತೋರಿಸಿದರು. ತಿಂಗಳೊಪ್ಪತ್ತಿನಲ್ಲಿ ಅವಳು ಅವರಿಗೇ ಕಲಿಸುವಷ್ಟಾದಳು. ೨೦೦೫ರ ಜೂನಿನ ಪರೀಕ್ಷೆಗೆ ಓದಬೇಕಾದ ಲೇಖನಗಳ ಪಟ್ಟಿ ಮಾಡಿಕೊಂಡಳು. ಇದೊಂದು ಸಲ ಎಂದು ಮನೆಯವರಿಗೆ ಮಾತು ಕೊಟ್ಟಿದ್ದಳು. ಅವಳಿಗದು ಕೊನೆಯ ಸಲ.

೨೦೦೫ರ ಏಪ್ರಿಲ್ ಒಂದರಂದು ಪಾಸ್‌ವರ್ಡ್ ಹೊಡೆದರೆ ಪತ್ರಿಕೆಯ ಬದಲು ಪರದೆಯ ಮೇಲೆ ಇಂಗ್ಲಿಷಿನ ಒಂದು ಕೆಂಪು ಸಾಲು ಬಂತು. ಶಾಂತಯ್ಯನವರು ಪ್ರಸಾದನಿಗೆ ಫೋನು ಮಾಡಿದರು.

"ಅದು ಲೈಸೆನ್ಸ್ ರೀ ಸರ್, ಖರೀದಿ ಅಲ್ಲ. ಒಂದು ವರ್ಷ ಓದಾಕ ಪರವಾನಗಿ. ಎರಡನೇ ಪೇಜಿನ್ಯಾಗ ಬರದೈತಿ. ನೀವು ಓದಿದ್ರಲ್ಲ."

"ಓದೀನಿ, ಓದೀನಿ," ಎಂದು ಫೋನಿಟ್ಟರು.

ಮತ್ತೆ ಹಣ ಕಟ್ಟುವುದಾದರೆ ದೀಪಾವಳಿಯ ತನಕ ಮಾತೇ ಬೇಡ ಎಂದರು ಟ್ರಸ್ಟಿನವರು. ಪರವಾನಗಿ ರದ್ದು, ಪತ್ರಿಕೆ ರದ್ದಿ. ಇಪ್ಪತ್ತು ಸಂಪುಟ ಹೋಗಿ ಒಂದು ಸಂಕಟ ಉಳಿಯಿತು. ಕರಾರನ್ನು ಡ್ರಾದಲ್ಲಿ ತುರುಕಿ ಕೀಲಿ ಹಾಕಿದರು.

ಮೂರನೆಯ ತಾರೀಖು ರವಿವಾರ ಸುಮಲತಾ ಬಂದಳು. ನಿಜ ಹೇಳಬೇಕೆಂದೇ ಬಾಯಿ ತೆರೆದರು. "ಲೈನ್ ಕೆಟ್ಟೈತಿ ನೋಡವಾ" ಎಂದು ಹೊರಬಿತ್ತು. ಮುಂದಿನ ವಾರ ರಸ್ತೆ ಅಗೆಯುವವರು ತಂತಿ ಕಡಿದಿದ್ದರು. ಅದರ ಮುಂದಿನ ವಾರ ಇಲಿ. ಆಮೇಲೆ ಸಿಡಿಲು. ಐದನೆಯ ರವಿವಾರ ಹೊಸ ಕಾರಣ ಹೊಳೆಯದೆ ಮತ್ತೆ ಸಿಡಿಲನ್ನೇ ಕರೆದರು. ಪ್ರತಿ ಸಲವೂ ಅವಳು "ಇರಲಿ ಬಿಡ್ರಿ ಸರ್, ನೀವರ ಏನ್ ಮಾಡ್ತೀರಿ" ಎಂದು ದಿನಪತ್ರಿಕೆ ತಿರುವಿ ಹೋಗುವಳು. ಆ ಸಮಾಧಾನದ ಮಾತೇ ಊಟದ ಹೊತ್ತಿನಲ್ಲಿ ನೆನಪಾಗಿ ಅವರು ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದರು.

ಆರನೆಯ ರವಿವಾರ, ಮೇ ಎಂಟು, ನಗುತ್ತ ಬಂದಳು. "ಸರ್, ನಮ್ಮ ಫ್ಯಾಕ್ಟರ್ಯಾಗ ಕಂಪ್ಯೂಟರ್ ನೋಡೋ ಪರಮೇಶಣ್ಣಗ ಹೇಳೇನ್ರಿ. ಬುಧವಾರ ಸೂಟಿ ತಗೊಂಡು ಬಂದು ನಿಮ್ಮ ಲೈನ್ ಸರಿ ಮಾಡ್ತಾನಂತ. ರೊಕ್ಕ ಬ್ಯಾಡಂತ."

ಶಾಂತಯ್ಯನವರು ಡ್ರಾದ ಕೀಲಿ ಕೈಗೆತ್ತಿಕೊಂಡರು. "ಬ್ಯಾಡವಾ. ಲೈನ್ ಛಲೋ ಐತಿ."

"ಮತ್ತ?"

ಡ್ರಾ ತೆಗೆದು ಕರಾರನ್ನು ಅವಳ ಮುಂದಿಟ್ಟರು. "ಲೈಸೆನ್ಸ್ ಮುಗದೈತಿ. ಇದರಾಗ ಏನೈತಿ ಓದಿ ಹೇಳು. ನಾ ಓದಿಲ್ಲ." ಚಸ್ಮಾ ತೆಗೆದು ಮೇಜಿನ ಮೇಲಿಟ್ಟು, "ನನಗ ಓದಾಕ ಬರಲಿಲ್ಲ" ಎಂದರು.

ಸುಮಲತಾ ಪೆನ್ಸಿಲ್ ಹಿಡಿದು ಓದಿದಳು. ಹದಿಮೂರನೆಯ ಪುಟದಲ್ಲಿ ಪೆನ್ಸಿಲ್ ನಿಂತಿತು.

"ಹನ್ನೊಂದನೇ ಕಲಮ್ ಕೇಳ್ರಿ ಸರ್. ಲೈಸೆನ್ಸ್ ಮುಗಿದ ಮ್ಯಾಲೆ ಮೂವತ್ತು ದಿನದಾಗ ಲೈಬ್ರರಿಯವರು ಒಂದು ಪತ್ರ ಬರದು ಕೇಳಿದ್ರ, ಆ ಹತ್ತು ವರ್ಷದ್ದು ಸಿ.ಡಿ. ಮಾಡಿ ಕೊಡ್ತಾರಂತ. ಪುಕಟ. ಇಲ್ಲೇ ಕೂತು ಯಾವಾಗಲೂ ಓದಬಹುದಂತ."

"ಮೂವತ್ತು ದಿನ ಅಂದ್ರ..."

"ಮೊನ್ನೆ ಏಪ್ರಿಲ್ ಮೂವತ್ತಕ್ಕ ಮುಗೀತ್ರಿ."

ಎಂಟು ದಿನ. ಸಿಡಿಲಿನ ಬದಲು ನಾಲ್ಕನೆಯ ರವಿವಾರ ನಿಜ ಹೇಳಿದ್ದರೂ ಸಾಕಿತ್ತು. ಇಲಿಯ ವಾರಕ್ಕಂತೂ ಎರಡು ವಾರ ಕೈಯಲ್ಲಿದ್ದವು. ಓದದೇ ಸಹಿ ಮಾಡಿದ್ದು ತಪ್ಪಾಗಿತ್ತು. ಆದರೆ ಅವಳ ಪತ್ರಿಕೆಯನ್ನು ನಿಜವಾಗಿ ಕಳೆದದ್ದು ಆ ಸುಳ್ಳುಗಳು. ಶಾಂತಯ್ಯನವರಿಗೆ ಕುರ್ಚಿಯಲ್ಲಿ ಕುಳಿತಿರುವುದೂ ಹೆಚ್ಚಿನ ಮರ್ಯಾದೆ ಅನಿಸಿ ಎದ್ದು ನಿಂತರು.

"ಆ ಸಿಡಿಲು ಬಿದ್ದದ್ದು ಖರೇ ಅಂತ ನಮ್ಮವ್ವನ ಮುಂದೂ ಹೇಳೇನ್ರಿ ನಾ," ಎಂದಳು ಸುಮಲತಾ. ಧ್ವನಿ ಏರಿರಲಿಲ್ಲ. ಕಂಪನಿಗೆ ಒಂದು ವಿನಂತಿ ಪತ್ರ ಬರೆದು, ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳಿ, ಅವರ ಸಹಿ ಪಡೆದಳು. "ಕೊಡೂದಿಲ್ಲ ಅವರು. ಇರಲಿ, ಕೇಳಿ ನೋಡೋಣ." ಈ ಸಲ 'ನೀವರ ಏನ್ ಮಾಡ್ತೀರಿ' ಎನ್ನಲಿಲ್ಲ.

ಅದೇ ಹತ್ತು ವರ್ಷದ ಸಂಪುಟಗಳು ಧಾರವಾಡದ ಒಂದು ಕಾಲೇಜಿನಲ್ಲಿದ್ದವು. ಹೊರಗಿನವರಿಗೆ ಪ್ರವೇಶ ಬೇಕಾದರೆ ಅವರು ಓದುವ ವಾಚನಾಲಯದವರೇ ಬಂದು ಅರ್ಜಿ ಕೊಡಬೇಕಿತ್ತು. ಅಲ್ಲಿನ ಗ್ರಂಥಪಾಲಕಿ ರಾಜೇಶ್ವರಿ, ಶಾಂತಯ್ಯನವರ ಜೊತೆ ಓದಿದವರು. ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿತ್ತು ಎಂದು ಬಸ್ಸಿನುದ್ದಕ್ಕೂ ಅಂದುಕೊಂಡು, ಮಂಗಳವಾರ ಅವರೆದುರು ಹೋಗಿ ಕುಳಿತರು.

ಅರ್ಜಿ ತುಂಬುತ್ತಿದ್ದ ರಾಜೇಶ್ವರಿ ಒಂದು ಕಡೆ ನಿಂತರು. "'ನಿಮ್ಮಲ್ಲಿ ಯಾಕೆ ಲಭ್ಯವಿಲ್ಲ' ಅಂತ ಐತ್ರಿ. ಏನ್ ಬರೀಲಿ ಶಾಂತಯ್ಯನವರ? ತಾಂತ್ರಿಕ ಕಾರಣ ಅಂತ ಬರದು ಬಿಡ್ಲೇನು?"

ಹಸನಾದ ಮಾತು. ಐದು ವಾರ ಹುಡುಕಿದರೂ ಇಷ್ಟು ಒಳ್ಳೆಯ ಕಾರಣ ಅವರಿಗೆ ಹೊಳೆದಿರಲಿಲ್ಲ.

"ಕೊಡ್ರಿಲ್ಲೆ," ಎಂದು ಪೆನ್ನು ಇಸಿದುಕೊಂಡರು. 'ಗ್ರಂಥಪಾಲಕನು ಕರಾರನ್ನು ಓದದೇ ಸಹಿ ಮಾಡಿ, ಇದ್ದ ಸಂಪುಟಗಳನ್ನು ರದ್ದಿಗೆ ಹಾಕಿದ್ದರಿಂದ. ಸಿ.ಡಿ. ಕೇಳಬೇಕಾದ ಅವಧಿಯಲ್ಲಿ ಓದುಗರಿಗೆ ಸುಳ್ಳು ಹೇಳುತ್ತಿದ್ದುದರಿಂದ.' ಒಂದೇ ಸಾಲಿನ ಜಾಗ. ಅಕ್ಷರ ಅಂಚಿಗೆ ಹತ್ತಿ ಮೇಲಕ್ಕೆ ತಿರುಗಿತು.

ರಾಜೇಶ್ವರಿ ಓದಿದರು. "ಇದು ಪ್ರಿನ್ಸಿಪಾಲರಿಗೆ ಹೋಗತೈತ್ರಿ. ಕಮಿಟಿಯವರೂ ಓದತಾರ."

"ಓದಲಿ ಬಿಡ್ರಿ."

"ನಮ್ಮಲ್ಲಿ ಪರೀಕ್ಷಾ ಟೈಮಿಗೆ ರವಿವಾರಾನೂ ತಗದಿರತೈತಿ. ಆಕಿ ಬರಲಿ," ಎಂದು ರಾಜೇಶ್ವರಿ ಮುದ್ರೆ ಒತ್ತಿದರು. ಶಾಂತಯ್ಯನವರು ಮುಖ ಎತ್ತಲಾರದೆ ಆ ಮುದ್ರೆಯ ಮಸಿ ಒಣಗುವ ತನಕ ಅದನ್ನೇ ನೋಡುತ್ತ ಕುಳಿತರು.