ಕಚ್ಚಿಟ್ಟ ರೊಟ್ಟಿ

ಕೋಕಂದ್ ಪಟ್ಟಣದ ರೊಟ್ಟಿ ಕಾರ್ಖಾನೆಯಲ್ಲಿ ಮುಹಾಯ್ಯೊ ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತವಳು. ನೆಲಕ್ಕೆ ಬಿದ್ದ ಚೂರನ್ನೂ ಹಣೆಗೊತ್ತಿಕೊಂಡು, ಹಕ್ಕಿಗಳಿಗೆಂದು ಕಿಟಕಿಯ ಮೇಲಿಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗ ದಿಲ್ಮುರೋದನನ್ನು ಬೆಳೆಸಿದ್ದು ಅದೇ ಸಂಬಳದಲ್ಲಿ. ಅವನು ದುಡಿಯಲು ರಷ್ಯಾಕ್ಕೆ ಹೊರಟ ಬೆಳಿಗ್ಗೆ, ಊರಿನ ಪದ್ಧತಿಯಂತೆ ಬಿಸಿ ರೊಟ್ಟಿಯನ್ನು ಒಂದು ಸಲ ಕಚ್ಚಿ ಅವಳ ಕೈಗಿತ್ತ. ಉಳಿದದ್ದನ್ನು ಅವಳು ಗೋಡೆಗೆ ತೂಗುಹಾಕಿದಳು. ಹೋದವನೇ ಬಂದು ತಿಂದು ಮುಗಿಸಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

ಕಾರ್ಖಾನೆ ಮುಚ್ಚಿತು. ಈಗ ಅದನ್ನು ಶೋಕಿಯ ಹೋಟೆಲು ಮಾಡುತ್ತಿದ್ದರು. ಒಳಗಿನ ಅಲಂಕಾರ ವಹಿಸಿಕೊಂಡಿದ್ದ ಸರ್ದೋರ್ ಹಳೆಯ ಸಾಮಾನು ಕೇಳಿಕೊಂಡು ಅವಳ ಮನೆಗೆ ಬಂದಾಗ, ಜರಡಿಯನ್ನೂ ರೊಟ್ಟಿಯ ಅಚ್ಚುಗಳನ್ನೂ ಅವಳು ಸಂತೋಷದಿಂದಲೇ ಕೊಟ್ಟಳು. ಚಹಾ ತರಲು ಒಳಗೆ ಹೋದಳು. ಅವನು ಹೋದಮೇಲೆ ನೋಡಿದರೆ, ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

ಮೂರು ದಿನ ಕಾವಲುಗಾರ ಒಳಗೆ ಬಿಡಲಿಲ್ಲ. ನಾಲ್ಕನೆಯ ದಿನ ಅವಳು ಕಾರ್ಖಾನೆಗೆ ನುಗ್ಗಿದಳು. ಒಲೆಗಳಿದ್ದ ಕಡೆ ಗಾಜಿನ ದೀಪಗಳು. ಎದುರು ಗೋಡೆಯ ತುಂಬ ವಾರ್ನಿಷ್ ಬಳಿದ ರೊಟ್ಟಿಗಳು, ಎಲ್ಲವೂ ಕಚ್ಚಿದವು.

“ನನ್ನ ಮಗನ ರೊಟ್ಟಿ ಯಾವುದೋ?”

“ಕೂತ್ಕೊಳ್ಳಿ ಖಾಲಾ,” ಎಂದ ಸರ್ದೋರ್. “ನಿಮ್ಮದನ್ನ ನೋಡೇ ಇದು ಹೊಳೀತು. ಮಿಕ್ಕಿದ್ದೆಲ್ಲ ನಮ್ಮ ಹುಡುಗರು ಕಚ್ಚಿದ್ದು.”

“ಕಚ್ಚಿ ಎಲ್ಲಿಗೆ ಹೋದ್ರು?”

“ಎಲ್ಲೂ ಇಲ್ಲ. ಇಲ್ಲೇ ತಟ್ಟೆ ಒರೆಸ್ತಿದ್ದಾರೆ. ಸುಮ್ನೆ ಚಂದಕ್ಕೆ.”

“ಚಂದಕ್ಕಾ? ನಿಮ್ಮಜ್ಜಿ ಬದುಕಿದ್ದಿದ್ರೆ ಆ ವಾರ್ನಿಷ್ ನಿನ್ನ ನಾಲಿಗೆಗೆ ಬಳೀತಿದ್ಲು.”

“ಸಿಟ್ಟಾಗ್ಬೇಡಿ. ಕಾಲು ತಾಗದ ಹಾಗೆ ಎತ್ತರದಲ್ಲೇ ಇಟ್ಟಿದ್ದೀನಲ್ಲ.”

“ಹಕ್ಕಿನೂ ಮೂಸದ ಹಾಗೆ ಮಾಡಿಟ್ಟಿದ್ದೀಯ. ಚಳಿ ಬೀಳೋ ಮುಂಚೆ ನನ್ನ ಮಗ ಬರ್ತಾನೆ. ಅವನಿಗೇನು ತಿನ್ನಿಸ್ಲಿ?”

ಮಗನ ಮುಂದಿನ ಹಲ್ಲೊಂದು ಮುರಿದಿತ್ತು; ಆ ಗುರುತಿನಿಂದ ಅವನ ರೊಟ್ಟಿ ಸಿಕ್ಕಿತು. ಕಿತ್ತುಕೊಂಡಳು. ಮಾಣಿಗಳು ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟು ನೋಡುತ್ತಿದ್ದರು.

“ನೀವೂ ಕಚ್ಚಿ ತೂಗುಹಾಕಿದ್ದೀರಲ್ಲ,” ಎಂದಳು ಅವರಿಗೆ. “ಇನ್ನು ನಿಮ್ಮ ತಾಯಂದಿರು ದಾರಿ ಕಾಯ್ತಾ ಕೂರ್ಲಿ.”

ಮಾಣಿಯೊಬ್ಬ ಏಣಿ ತಂದು ತನ್ನದನ್ನು ಇಳಿಸಿದ. ಅವನ ಹಿಂದೆ ಮತ್ತೊಬ್ಬ.

“ನಾಳೆ ಬಾಗಿಲು ತೆಗೀಬೇಕು ಕಣ್ರೋ,” ಎಂದು ಸರ್ದೋರ್ ಗೋಗರೆದ. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಮೂಲೆಯಲ್ಲಿ ಒಂದೇ ಉಳಿಯಿತು.

“ಅದು ಯಾರದು?” ಎಂದಳು ಮುಹಾಯ್ಯೊ.

ಸರ್ದೋರ್ ತಾನೇ ಏಣಿ ಹತ್ತಿ ಅದನ್ನು ಇಳಿಸಿದ.

ಅವಳ ಸಿಟ್ಟು ಇಳಿಯಲಿಲ್ಲ. ಮಖಮಲ್ಲಿನ ಕುರ್ಚಿ ಎಳೆದುಕೊಂಡು ಕುಳಿತು, ಚಾಕು ತರಿಸಿ, ಬಾಯ್ತುಂಬ ಬೈಯುತ್ತ ಮಗನ ರೊಟ್ಟಿಯ ವಾರ್ನಿಷ್ ಕೆರೆಯತೊಡಗಿದಳು. ಪುಡಿಯೆಲ್ಲ ಹೊಸ ಮೇಜಿನ ಮೇಲೆ ಉದುರಿತು.