ಕೆರೆ ಕಾಣುವ ಕಿಟಕಿ

ನಾನು ಅರಸಿಕನೆಂದು ನನ್ನ ಹೆಂಡತಿ ಕಾಶಿಬಾಯಿ ಆಗಾಗ ಹೇಳುವುದುಂಟು. ಒಪ್ಪುತ್ತೇನೆ. ಆದರೆ ಸೊಲ್ಲಾಪುರದ ಹೊರಗಿನ ಕೆರೆ ಯಾವಾಗ ಅತಿ ಚೆಂದ ಕಾಣುತ್ತದೆಂದು ಕೇಳಿ ನೋಡಿ, ತಡವರಿಸದೆ ಹೇಳುತ್ತೇನೆ: ಮುನಸಿಪಾಲಿಟಿಯ ಚುನಾವಣೆ ಹತ್ತಿರ ಬಂದಾಗ.

ನಮ್ಮ ಹಳ್ಳಿ ತಡವಳದ ಮಣ್ಣಿನ ಮನೆಗಳಿಗೆ ಕಿಟಕಿ ಇಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ, ಅಷ್ಟೆ. ನೋಡುವುದೇನಿದ್ದರೂ ಹೊರಗೆ ಹೋಗಿ ನೋಡಬೇಕು. ಹಾಗೆ ಬೆಳೆದ ನಾನು ಮಾಸ್ತರಿಕೆಗೆಂದು ಸೊಲ್ಲಾಪುರಕ್ಕೆ ಬಂದು, ಮೊದಲು ಮಿಲ್ಲಿನ ಹತ್ತಿರ ಇದ್ದು, ಆಮೇಲೆ ಕೆರೆಯ ದಂಡೆಯಲ್ಲಿ ಮನೆ ಹಿಡಿದದ್ದು, ಅಲ್ಲಿಗೆ ಬೇರೆ ಯಾರೂ ಬರದೆ ಬಾಡಿಗೆ ಅಗ್ಗವಾಗಿತ್ತೆಂಬ ಕಾರಣಕ್ಕೆ. ಆದರೆ ಮಿಲ್ಲಿನ ಹೊಗೆಗೆ ಕೆಮ್ಮಿ ಕೆಮ್ಮಿ ಸೊರಗಿದ್ದ ಕಾಶಿಬಾಯಿ ಆ ಮನೆಯ ಕಿಟಕಿಯ ಪಕ್ಕ ಕೂತೇ ಚೇತರಿಸಿಕೊಂಡಳು. ಅಂದಿನಿಂದ ನನಗೂ ಆ ನೀರಿನ ಮೇಲೆ ಪ್ರೀತಿ.

ಅಷ್ಟರಲ್ಲಿ ಚುನಾವಣೆ ಬಂತು. ಒಬ್ಬ ಉಮೇದುವಾರರು ದಂಡೆಗೆ ಸಡಕು, ದೀಪ, ಹೂದೋಟ ಮಾಡಿಸುತ್ತೇನೆಂದು ಸಾರಿದರು. ನಿನ್ನೆಯವರೆಗೆ ಮೂಗು ಮುಚ್ಚಿಕೊಂಡು ಹಾಯುತ್ತಿದ್ದವರೆಲ್ಲ ಇಲ್ಲಿನ ಗಾಳಿಯನ್ನು ಹೊಗಳತೊಡಗಿದರು. ಇನ್ನೊಬ್ಬರು ಅದೇ ಜಾಗದಲ್ಲಿ ದನಕರು ತೊಳೆಯಲು ಮೆಟ್ಟಿಲುಗಟ್ಟೆಯ ಘಾಟು ಕಟ್ಟಿಸುವೆನೆಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯ ಮಾಲೀಕ ಬಂದೇ ಬಂದ.

"ಮಾಸ್ತರ, ಮನಿ ಖಾಲಿ ಮಾಡ್ರಿ. ದೊಡ್ಡ ಮಂದಿ ಕೇಳಾಕತ್ತಾರ. ಐತವಾರ ನೋಡಾಕ ಬರತಾರ."

ಕಾಶಿಬಾಯಿ ಆ ದಿನ ಊಟ ಮಾಡಲಿಲ್ಲ.

ಭಾನುವಾರ ದೊಡ್ಡ ಮಂದಿಗಿಂತ ಮೊದಲು ಬಂದವರು ನನ್ನ ಅಪ್ಪ, ಕುರಿಹಿಂಡಿನ ಸಮೇತ. ಕಂಬಳಿ ನೇಯುವವರಿಗೆ ಉಣ್ಣೆ ಕೊಡುವುದಿತ್ತು. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಮೀಯಿಸುವುದು ನಮ್ಮ ಮನೆತನದ ಪದ್ಧತಿ. ನಮ್ಮ ತಡವಳವಿರುವ ಅಕ್ಕಲಕೋಟೆಯ ಸೀಮೆಯಲ್ಲಿ ಅರಸರದೇ ಮಾತು. ಮತ, ಉಮೇದುವಾರ ಇವೆಲ್ಲ ಅಪ್ಪನಿಗೆ ಗೊತ್ತಿಲ್ಲ. ನೀರು ಕಂಡಿತು, ಇಳಿಸಿದರು. ಕಿಟಕಿಯ ಕೆಳಗೆ ದಂಡೆಯೆಲ್ಲ ಬ್ಯಾ ಬ್ಯಾ ಎಂದಿತು; ಒದ್ದೆ ಉಣ್ಣೆಯ ನಾತ ಊರಿಗೇ ಹಬ್ಬಿತು.

ಮನೆ ನೋಡಲು ಬಂದವರು ಮೆಟ್ಟಿಲನ್ನೇ ಹತ್ತಲಿಲ್ಲ. "ಘಾಟು ಸುರುನೂ ಆತಲ್ರಿ!" ಎಂದು ಟಾಂಗಾ ತಿರುಗಿಸಿದರು. ಸಂಜೆಯೊಳಗೆ ಪೇಟೆಯಲ್ಲೆಲ್ಲ ಅದೇ ಸುದ್ದಿ. ಮಾಲೀಕ ಮತ್ತೆ ಬಂದ, ಈ ಸಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು.

"ನಿಮ್ಮಂಥಾ ಮಂದಿ ಎಲ್ಲಿ ಸಿಗತಾರ್ರಿ ಮಾಸ್ತರ? ಇರ್ರಿ, ಆರಾಮ ಇರ್ರಿ."

ಮುಂದೆ ಯಾರೋ ಗೆದ್ದರು. ಸಡಕೂ ಬರಲಿಲ್ಲ, ಘಾಟೂ ಬರಲಿಲ್ಲ. ಕೆರೆ ಮಾತ್ರ ಇದ್ದಲ್ಲೇ ಇದೆ. ರಾಜಕಾರಣ ಅದರ ನೀರಿಗೆ ಒಂದು ಹನಿ ಸೇರಿಸದೆಯೂ ಅದರ ಚೆಲುವನ್ನು ಏರಿಸಿ ಇಳಿಸಬಲ್ಲದೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆ ಭಾನುವಾರ ಸಂಜೆ, ಮಾಲೀಕ ಹೋದ ಮೇಲೆ, ಅಪ್ಪ ಕಂಬಳಿ ಹೊದ್ದು ಗೊಣಗಿದ್ದರು: "ಗಾಳಿ ಭಾಳ ಬರತೈತಿ. ಆ ಕಿಡಕಿ ಮುಚ್ಚವಾ."

ಮದುವೆಯಾದಾಗಿನಿಂದ ಮಾವನ ಎದುರು ಸೆರಗು ಸರಿಸದ, ತುಟಿ ಬಿಚ್ಚದ ಕಾಶಿಬಾಯಿ ಕಿಟಕಿಗೆ ಬೆನ್ನು ಕೊಟ್ಟು ನಿಂತಳು.

"ಇರ್ಲಿ ಬಿಡ್ರಿ ಮಾವ. ನಿಮ್ಮ ಕುರಿಗೋಳು ನಮಗ ಉಳಿಸಿಕೊಟ್ಟ ಕಿಡಕಿ ಅದು."