ತಾತ ಸೀರೆ ಉಟ್ಟ ಕತೆ

ಮೊಮ್ಮಗಳು ಮೊಬೈಲ್ ನೋಡದೆ ಅನ್ನ ತಿನ್ನುವುದಿಲ್ಲ ಎಂದು ಮಗಳು ನನ್ನನ್ನು ತುಮಕೂರಿಗೆ ಕರೆಸಿಕೊಂಡಳು. "ಪ್ರಾಣಿ ಕತೆ ಹೇಳಿ ಉಣ್ಸಮ್ಮ. ಈ ಮೊಬೈಲ್ ಚಟ ಬಿಡಿಸ್ಬೇಕು" ಎಂದಳು. ಅದೇನು ಮಹಾ ಕೆಲಸ ಅಂದುಕೊಂಡು ನಿಟ್ಟೂರಿನಲ್ಲಿ ಎಮ್ಮೆಯನ್ನೂ ಯಜಮಾನರನ್ನೂ ಬಿಟ್ಟು ಹೊರಟೆ.

ಮೊದಲನೇ ದಿನ ನರಿಯ ಕತೆ ಹೇಳಿದೆ. "ನರಿ ಮೇಕೆಮರೀನ ಹಿಡಿದು ತಿಂದ್ಬುಡ್ತು. ಮುಗೀತು, ಬಾಯಿ ತೆಗಿ" ಅಂದೆ. ಮಗು ಬಾಯಿ ತೆಗೆಯಿತು, ಅಳುವುದಕ್ಕೆ.

ಅಡುಗೆಮನೆಯಿಂದ ಮಗಳು ಕೂಗಿದಳು: "ಅಮ್ಮ! ಮಕ್ಕಳ ಕತೇಲಿ ಯಾರೂ ಸಾಯ್ಬಾರ್ದು."

"ಮತ್ತೆ ನರಿ ಏನ್ ತಿನ್ಬೇಕು? ಉಪ್ಪಿಟ್ಟಾ?"

ಮಾರನೇ ದಿನ ನರಿಗೆ ಉಪ್ಪಿಟ್ಟೇ ತಿನ್ನಿಸಿದೆ. "ಕಾಡಲ್ಲಿ ಉಪ್ಪಿಟ್ಟು ಯಾರು ಮಾಡ್ಕೊಟ್ರು ಅಜ್ಜಿ?" ಎಂದು ಮಗು ಕೇಳಿತು. ನನಗೇನು ಗೊತ್ತು? ತುತ್ತು ಕೈಯಲ್ಲೇ ಒಣಗಿತು.

"ಭಾನುವಾರದವರೆಗೆ ನೋಡ್ತೀನಿ, ಆಮೇಲೆ ಮೊಬೈಲೇ ಗತಿ" ಎಂದಳು ಮಗಳು. ಅಂಗೈಯಗಲದ ಒಂದು ಡಬ್ಬಿಗೆ ಸೋತು ಊರಿಗೆ ಹೋಗುವುದೇ ಎಂದು ನನಗೆ ಉರಿದುಹೋಯಿತು.

ಅಷ್ಟರಲ್ಲಿ ಯಜಮಾನರ ಫೋನು ಬಂತು. ಎಮ್ಮೆ ಹಾಲು ಕೊಡುತ್ತಿಲ್ಲ, ಹತ್ತಿರ ಹೋದರೆ ಒದೆಯುತ್ತದೆ ಎಂದು ಗೋಳಾಡಿದರು. ಅದಕ್ಕೆ ನನ್ನ ಕೈ ಬಿಟ್ಟು ಬೇರೆ ಕೈ ಗೊತ್ತಿಲ್ಲ.

"ಕೊಟ್ಟಿಗೆ ಹಗ್ಗದ ಮೇಲೆ ನನ್ ಹಳೇ ಹಸಿರು ಸೀರೆ ಐತೆ, ನನ್ ವಾಸ್ನೆ ಇನ್ನೂ ಹೋಗಿಲ್ಲ. ಸುತ್ಕೊಂಡು, ತಲೆ ಮೇಲೆ ಸೆರಗು ಹಾಕ್ಕೊಂಡು ಕೂತ್ಕಳಿ. ಬಾಯಿ ಮಾತ್ರ ಬಿಡ್ಬೇಡಿ" ಅಂದೆ.

ಹೆಂಗಸು ತವರಿಗೆ ಹೋದಾಗ ನಮ್ಮ ಕಡೆ ಗಂಡಸರು ಇದನ್ನು ಮಾಡುವವರೇ. ಹೇಳಿಕೊಳ್ಳುವುದಿಲ್ಲ, ಅಷ್ಟೇ. ಸಂಜೆ ಮತ್ತೆ ಫೋನು ಬಂತು. "ಹಾಲು ಕೊಡ್ತು. ಯಾರ್ಗೂ ಹೇಳ್ಬೇಡ ಕಣೇ."

ಅವತ್ತೇ ರಾತ್ರಿ ಊಟಕ್ಕೆ ಮೊಮ್ಮಗಳಿಗೆ ಹೇಳಿಬಿಟ್ಟೆ. ತಾತ ಸೀರೆ ಉಟ್ಟರು, ಎಮ್ಮೆ ಮೂಸಿ ನೋಡಿತು, ಸೆರಗಿನಿಂದ ಮೀಸೆ ಹೊರಗೆ ಬಂತು. ಮಗು ನಗಲು ಬಾಯಿ ತೆಗೆದಾಗೆಲ್ಲ ನಾನು ತುತ್ತು ಹಾಕಿದೆ. ತಟ್ಟೆ ಖಾಲಿ! ಆಮೇಲೆ ದಿನಾ ಅದೇ ಕತೆ. ಒಂದು ದಿನ ತಾತನ ಸೆರಗನ್ನು ಎಮ್ಮೆ ಮೆಲ್ಲುತ್ತಿತ್ತು, ಇನ್ನೊಂದು ದಿನ ತಾತ ನೆರಿಗೆ ಎಡವಿ ಸಗಣಿಯ ಮೇಲೆ ಕೂರುತ್ತಿದ್ದರು. ಮೊಬೈಲು ಬೀರುವಿನಲ್ಲಿ ಮಲಗಿತು.

ಸ್ಕೂಲಿಗೆ ರಜಾ ಬಂದಾಗ ಮೂವರೂ ನಿಟ್ಟೂರಿಗೆ ಹೋದೆವು. ಮೊಮ್ಮಗಳು ಹೊಸಿಲ ಮೇಲೇ ನಿಂತು, "ತಾತ, ಸೀರೆ ಉಟ್ಕೋ" ಎಂದಳು.

ಯಜಮಾನರು ನನ್ನನ್ನು ನುಂಗುವ ಹಾಗೆ ನೋಡಿದರು. "ಯಾವ್ ಸೀರೆ? ನಾನ್ಯಾಕೆ ಉಡ್ಲಿ?"

ಮಗುವಿನ ಮುಖ ಇಳಿಯಿತು. ಊಟಕ್ಕೆ ಕೂರಿಸಿದರೆ ತಟ್ಟೆ ತಳ್ಳಿತು. "ಅಜ್ಜಿ ಸುಳ್ಳು ಹೇಳ್ತಾಳೆ. ನಂಗೆ ಮೊಬೈಲ್ ಬೇಕು." ಮಗಳ ಕೈ ಬ್ಯಾಗಿನೊಳಗೆ ಹೋಯಿತು.

"ರೀ, ಉಟ್ಕಳಿ" ಅಂದೆ.

"ನನ್ ಮಾನ ಏನಾಗ್ಬೇಕೇ?"

"ಎಮ್ಮೆ ಮುಂದೆ ಆಗ್ಲೇ ಹೋಗೈತೆ ಬುಡಿ. ಇನ್ನು ಉಳಿದಿರೋದು ಎಷ್ಟು?"

ಗೊಣಗಿಕೊಂಡು ಒಳಗೆ ಹೋದರು. ಹಸಿರು ಸೀರೆ ಸುತ್ತಿಕೊಂಡು ಬಂದು, ಅಕ್ಕಪಕ್ಕದವರು ಕಾಣದಂತೆ ಕೊಟ್ಟಿಗೆ ಬಾಗಿಲು ಹಾಕಿಸಿ ಕೂತರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಇತ್ತು ಮೀಸೆ. ಎಮ್ಮೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಾ ಹಾಲು ಸುರಿಸಿತು. ತಟ್ಟೆ ಹಿಡಿದು ನಿಂತಿದ್ದ ಮಗು, ಯಾರೂ ಹೇಳದೆ ತನ್ನ ಕೈಯಿಂದಲೇ ತಿನ್ನತೊಡಗಿತು. ಮಗಳು ಬ್ಯಾಗಿನ ಜಿಪ್ ಎಳೆದು ಮುಚ್ಚಿದಳು. ಅಲ್ಲಿಗೆ ನಾನು ಗೆದ್ದೆ.

ಗೆದ್ದವಳು ಸುಮ್ಮನಿರಬೇಕಿತ್ತು. "ಏಳ್ರೀ, ಇದು ನನ್ನೆಮ್ಮೆ" ಎಂದು ಅವರನ್ನು ಎಬ್ಬಿಸಿ ನಾನು ಕೂತೆ. ಮೈಮೇಲೆ ಮಗಳು ಕೊಡಿಸಿದ ಹೊಸ ಸೀರೆ. ಎಮ್ಮೆ ತಿರುಗಿ ಮೂಸಿತು, ಬುಸ್ ಎಂದಿತು, ಚೊಂಬನ್ನು ಗೋಡೆಗೆ ಒದೆಯಿತು. ಹಾಲೆಲ್ಲ ನನ್ನ ಮಡಿಲಿಗೆ.

ಮಗು ನಕ್ಕು ನಕ್ಕು ಅನ್ನ ಉಗುಳಿತು. "ತಾತಾನೇ ನಿಜವಾದ ಅಜ್ಜಿ!"

ಈಗಲೂ ಹಾಲು ಕರೆಯುವವರು ಯಜಮಾನರೇ. ನನ್ನ ಸೀರೆ ಕೊಡಿ ಎಂದರೆ, "ಎಮ್ಮೇನ ಒಂದ್ ಮಾತು ಕೇಳು" ಅನ್ನುತ್ತಾರೆ.